ನೀರು ಬಿಟ್ಟ ಕಲ್ಲು

ಜೂನ್ ೪

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ಫೋನಿನಲ್ಲಿ ಮಾತನಾಡುವುದು ನಿನ್ನ ಅಮ್ಮನ ಪಾಲಿನ ಕೆಲಸವಾಗಿ, ‘ಅಪ್ಪ ಹೇಗಿದ್ದಾರೆ’ ಎಂದು ನೀನು ಕೇಳುವುದೂ ‘ಇದ್ದಾರೆ’ ಎಂದು ಅವಳು ಹೇಳುವುದೂ ಗೋಡೆಯ ಗಡಿಯಾರದ ಸದ್ದಿನಂತೆ ರೂಢಿಯಾಗಿರುವಾಗ, ಈ ಮುದುಕ ಕಾಗದ ಹಿಡಿದು ಕುಳಿತದ್ದೇಕೆಂದು ನಿನಗೆ ಆಶ್ಚರ್ಯವಾದೀತು. ನಾವಿಬ್ಬರೂ ಅವಳ ಬೆನ್ನ ಹಿಂದೆ ಅವಿತು ಬಹಳ ವರ್ಷ ಕಳೆದೆವು. ಅದಿರಲಿ.

ಮೊನ್ನೆ ಅವಳು ಒಲೆಯಿಂದಿಳಿಸಿದ ಪಾತ್ರೆಯನ್ನು ಆತುರದಲ್ಲಿ ಅಡುಗೆಕಟ್ಟೆಯ ಕಲ್ಲಿನ ಮೇಲೆ ಇಟ್ಟುಬಿಟ್ಟಳು. ಹಿಂದಿನ ಸಲ ಸಿಂಕಿನ ಪಕ್ಕ ಕೊಯ್ದಾಗಲೇ ಒಳಗೊಂದು ದೋಷ ಉಳಿದಿತ್ತೆಂದು ತೋರುತ್ತದೆ. ಅಡ್ಡಗೆರೆ ಎಳೆದಂತೆ ಕಲ್ಲು ಸೀಳಿತು. ವಿಶ್ವವಿದ್ಯಾಲಯದ ಕಾರ್ಯಾಗಾರದಲ್ಲಿ ಮೂವತ್ತನಾಲ್ಕು ವರ್ಷ ಕಲ್ಲು ಕೊಯ್ದು ತೇಯ್ದವನ ಮನೆಯಲ್ಲಿಯೇ ಹೀಗಾದದ್ದಕ್ಕೆ ನಾನೇನಾದರೂ ಅಂದೇನೆಂದು ಅವಳು ಕಾದಳು. ನಾನು ಆ ಬಿರುಕನ್ನೇ ನೋಡುತ್ತ ನಿಂತೆ. ‘ಯಾಕ್ರೀ, ಕಲ್ಲಿಗಿಂತ ಮೊದಲು ನೀವೇ ಸೀಳಿಹೋದ ಹಾಗೆ ನಿಂತ್ರಿ?’ ಎಂದು ಅವಳೇ ನಕ್ಕಳು.

ಹೊಸ ಕಲ್ಲಿಗಾಗಿ ಬಸ್ ಡಿಪೋದ ಹಿಂದಿನ ಅಂಗಡಿಸಾಲಿಗೆ ಹೋದೆ. ನಿನಗೆ ಆ ಕಡೆ ತಿಳಿಯದು. ಚಪ್ಪಡಿಗಳನ್ನು ಪುಸ್ತಕದ ಹಾಳೆಗಳಂತೆ ಒರಗಿಸಿ ನಿಲ್ಲಿಸಿರುತ್ತಾರೆ. ಗರಗಸದಿಂದ ಹರಿದ ಬೂದುಬಣ್ಣದ ನೀರು ಬೀದಿಯ ಚರಂಡಿಯವರೆಗೂ ಬರುತ್ತದೆ. ಮೂರನೆಯ ಅಂಗಡಿಯಲ್ಲಿ ರಬ್ಬರ್ ಬೂಟು ತೊಟ್ಟು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದ ಯಜಮಾನನೊಬ್ಬ ನಾನು ಚಪ್ಪಡಿಯ ಅಂಚನ್ನು ಉಗುರಿನಿಂದ ಸವರಿದ್ದನ್ನು ನೋಡಿ, ಗರಗಸ ನಿಲ್ಲಿಸಿ ಬಂದ. ತಲೆಗೂದಲು ಅರ್ಧ ಹೋಗಿದೆ. ಆದರೂ ಗುರುತು ಹತ್ತಿತು. ನಿನ್ನ ಜೊತೆಯಲ್ಲಿಯೇ ಸಂಶೋಧನೆಗೆ ಸೇರಿ, ಮಾತುಮಾತಿಗೂ ‘ಯಾಕೆ’ ಎನ್ನುತ್ತಿದ್ದುದಕ್ಕೆ ನೀವೆಲ್ಲ ‘ಯಾಕಪ್ಪ’ ಎಂದು ಹೆಸರಿಟ್ಟಿದ್ದಿರಲ್ಲ, ಅವನೇ.

ಕುರ್ಚಿ ಒರೆಸಿ ಕೂರಿಸಿದ. ಮದುವೆಯಾಗಿದೆ, ಇಬ್ಬರು ಮಕ್ಕಳು, ಅಂಗಡಿ ಮಾವನದು. ನಿನ್ನ ಪ್ರಗತಿಯೆಲ್ಲ ಅವನಿಗೆ ಗೊತ್ತಿದೆ. ‘ಓದು ಬಿಟ್ಟದ್ದಕ್ಕೆ ಬೇಸರವಿಲ್ಲವೇ’ ಎಂದು ಕೇಳಬಾರದಾಗಿತ್ತು; ಕೇಳಿದೆ. ಅವನು ಒಂದು ಚಪ್ಪಡಿಯನ್ನು ಬೆರಳಗೆಣ್ಣಿನಿಂದ ಬಡಿದು, ಅದರ ದನಿ ಕೇಳಿ, ಆಮೇಲೆ ಹೇಳಿದ:

‘ಇಲ್ಲಿ ಬಿರುಕು ಕಂಡ್ರೆ ಗಿರಾಕಿ ಕಲ್ಲು ವಾಪಸ್ ತರ್ತಾನೆ, ಯಜಮಾನ್ರೇ. ಅಲ್ಲಿ ಬಿರುಕಿಗೇ ಪದವಿ ಕೊಟ್ರು.’

ನಗುನಗುತ್ತಲೇ ಹೇಳಿದ. ಕಲ್ಲನ್ನು ಮನೆಗೆ ತಂದು ಕೂರಿಸಿ, ಅಂಚು ಉಜ್ಜಿಕೊಟ್ಟು, ನನಗೆ ಕೈಮುಗಿದು ಹೋದ.

ನಿನ್ನನ್ನು ಒಂದು ಮಾತು ಕೇಳಬೇಕು. ನಿನ್ನ ಪ್ರಬಂಧದ ಏಳನೆಯ ಚಿತ್ರದಲ್ಲಿ ಹರಳುಗಳ ಸುತ್ತ ಬಿರುಕುಗಳಿದ್ದುವಲ್ಲ, ಅವು ಖಾಲಿ ಇದ್ದುವೇ, ತುಂಬಿದ್ದುವೇ? ವಯಸ್ಸಾಯಿತು, ನೆನಪು ಕೈಕೊಡುತ್ತಿದೆ. ಬಿಡುವಾದಾಗ ಬರೆ.

ಭಗವಂತ ನಿನ್ನನ್ನು ಕಾಯಲಿ.
ನಿನ್ನ ಅಪ್ಪ

*

ಜೂನ್ ೨೯

ಪೂಜ್ಯ ಅಪ್ಪನಿಗೆ ನಮಸ್ಕಾರಗಳು.

ಪತ್ರ ತಲುಪಿತು. ಅಮ್ಮನಿಗೆ ಹೊಸ ಕಟ್ಟೆ ಒಪ್ಪಿಗೆಯಾಯಿತೆಂದು ಅವಳೇ ಹೇಳಿದಳು. ಯಾಕಪ್ಪ ಚೆನ್ನಾಗಿರುವುದು ಸಂತೋಷ.

ಬಿರುಕುಗಳು ಖಾಲಿ ಇದ್ದವು. ನಿಮಗೆ ನೆನಪಿಲ್ಲವೆಂಬುದನ್ನು ನಂಬುವುದು ಕಷ್ಟ. ಯಾವ ಕಲ್ಲನ್ನು ತೇಯುವಾಗ ಎಷ್ಟನೆಯ ಸುತ್ತಿನಲ್ಲಿ ಯಾವ ಹರಳು ಕಿತ್ತುಬಂತೆಂದು ಇಪ್ಪತ್ತು ವರ್ಷದ ಮೇಲೆ ಹೇಳುತ್ತಿದ್ದವರು ನೀವು. ಆದರೂ ಕೇಳಿದ್ದೀರಿ, ವಿದ್ಯಾರ್ಥಿಗಳಿಗೆ ಹೇಳುವಂತೆಯೇ ಹೇಳುತ್ತೇನೆ.

ಸಮುದ್ರದ ತಳದ ಕಲ್ಲು ಇನ್ನೊಂದು ಭೂಫಲಕದ ಅಡಿಗೆ ಜಾರಿ, ವರ್ಷಕ್ಕೆ ಕೆಲವು ಬೆರಳುಗಳಷ್ಟು ದೂರ ಆಳಕ್ಕೆ ಇಳಿಯುತ್ತದೆ. ಅದರಲ್ಲಿ ನೀರಿರುತ್ತದೆ; ಒದ್ದೆ ಬಟ್ಟೆಯಲ್ಲಿರುವ ನೀರಿನಂತಲ್ಲ, ಗೋಡೆಯಲ್ಲಿ ಇಟ್ಟಿಗೆ ಇರುವಂತೆ ಹರಳಿನ ಕಟ್ಟಡದಲ್ಲಿಯೇ ಸೇರಿದ ನೀರು. ಅರವತ್ತು, ಎಂಬತ್ತು ಕಿಲೋಮೀಟರ್ ಇಳಿದ ಮೇಲೆ ಆ ಬಿಸಿಯಲ್ಲಿ, ಆ ಒತ್ತಡದಲ್ಲಿ ಹಳೆಯ ಹರಳುಗಳು ಬಾಳಲಾರವು. ಒಡೆದು ಬೇರೆ ಹರಳುಗಳಾಗುತ್ತವೆ. ನೀಲಿ ಕಲ್ಲು ಹಸಿರಾಗುತ್ತದೆ, ನಡುನಡುವೆ ಕೆಂಪು ಗಾರ್ನೆಟ್ ಹರಳು ಮೂಡುತ್ತದೆ. ಹೊಸ ಕಟ್ಟಡದಲ್ಲಿ ನೀರಿಗೆ ಜಾಗವಿಲ್ಲ. ಮೇಲಿರುವ ಭಾರ ಹೊರಗೂ ಬಿಡುವುದಿಲ್ಲ. ಆಗ ನೀರೇ ಕಲ್ಲನ್ನು ಒಳಗಿನಿಂದ ಸೀಳುತ್ತದೆ.

ಇಷ್ಟನ್ನು ಎಲ್ಲರೂ ಒಪ್ಪುತ್ತಾರೆ. ನಾನು ಹೇಳಿದ್ದು ಇನ್ನೊಂದು ಹೆಜ್ಜೆ. ನೀರು ಬಸಿದು ಬಸಿದು ಬಂದಿದ್ದರೆ ಬಿರುಕಿನಲ್ಲಿ ಏನಾದರೂ ಉಳಿಸಿಹೋಗುತ್ತಿತ್ತು, ಬಿರುಕು ಹರಳಿನಿಂದ ತುಂಬಿ ನಾಳದಂತೆ ಕಾಣುತ್ತಿತ್ತು. ನನ್ನ ಬಿರುಕುಗಳು ಖಾಲಿ. ಆದ್ದರಿಂದ ನೀರು ಒಂದೇ ಏಟಿಗೆ, ನಿಲ್ಲದೆ ಹೊರಟುಹೋಗಿರಬೇಕು. ಆಳದ ನಡುಕಗಳಿಗೆ ಇದೇ ಕಾರಣವೆಂದು ಇಂದು ನನ್ನ ಇಬ್ಬರು ವಿದ್ಯಾರ್ಥಿಗಳು ಕೆಲಸ ಮಾಡುತ್ತಿದ್ದಾರೆ. ಯಾಕಪ್ಪ ಇದನ್ನು ಒಪ್ಪಲಿಲ್ಲ. ಖಾಲಿ ಬಿರುಕು ಆಳದಲ್ಲಿ ಆದದ್ದೇ ಅಲ್ಲ, ಆಳದ ಬಿರುಕು ತುಂಬಿರುತ್ತದೆ ಎಂದ. ಆಧಾರ ತೋರಿಸಲಾಗಲಿಲ್ಲ.

ಡಿಸೆಂಬರಿನಲ್ಲಿ ಇಲ್ಲಿನ ವಿಭಾಗಕ್ಕೆ ಮುಖ್ಯಸ್ಥರ ಆಯ್ಕೆ. ನನ್ನ ಹೆಸರಿದೆ. ಈ ಹೊತ್ತಿನಲ್ಲಿ ಹಳೆಯದನ್ನು ಕೆದಕದಿದ್ದರೆ ಒಳ್ಳೆಯದು.

ನಿಮ್ಮ ಮಗಳು

*

ಜುಲೈ ೮

ಚಿರಂಜೀವಿ ಮಗಳಿಗೆ,

ನೆನಪು ಕೈಕೊಡುತ್ತಿದೆಯೆಂದು ಬರೆದದ್ದು ಸುಳ್ಳು. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಮಗಳಿಗೆ ಸುಳ್ಳು ಬರೆದು, ಆ ಸುಳ್ಳಿನ ಸಂದಿಯಿಂದ ನಿಜವನ್ನು ನೀನೇ ಎಳೆದುಕೊಳ್ಳಲಿ ಎಂದು ಕಾದೆ. ನೀನು ಎಳೆಯಲಿಲ್ಲ. ನಾನೇ ಹೇಳಬೇಕಾಗಿದೆ, ಓದುವ ಮುನ್ನ ಕುಳಿತುಕೋ.

ನಮ್ಮ ಕಾರ್ಯಾಗಾರದ ಗೋಡೆಯ ಮೇಲೆ ನನ್ನ ಕೈಬರಹದ ಹಲಗೆಯೊಂದಿತ್ತು: ‘ನೀರುಳ್ಳ ಕಲ್ಲನ್ನು ಬಿಸಿ ಮಾಡತಕ್ಕದ್ದಲ್ಲ.’ ಪ್ರೊಫೆಸರುಗಳೂ ಅದರ ಕೆಳಗೆ ತಲೆತಗ್ಗಿಸಿ ಬರುತ್ತಿದ್ದರು. ಆಳದಿಂದ ಬಂದ ಕಲ್ಲಿನ ಹರಳುಗಳಲ್ಲಿ ಕಣ್ಣಿಗೆ ಕಾಣದ ಗುಳಿಗಳಿರುತ್ತವೆ, ಅವುಗಳಲ್ಲಿ ಆಳದ ನೀರು ಇಂದಿಗೂ ಸೆರೆಯಿರುತ್ತದೆಂದು ನಿನಗೆ ಮೊದಲು ತೋರಿಸಿದವನು ನಾನೇ. ಆಗ ನಿನಗೆ ಒಂಬತ್ತು ವರ್ಷ, ಸ್ಟೂಲಿನ ಮೇಲೆ ನಿಂತು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಿದ್ದೆ. ಸೂಕ್ಷ್ಮದರ್ಶಕದಲ್ಲಿ ನೋಡಲು ಅಂತಹ ಕಲ್ಲಿನ ತೆಳು ಬಿಲ್ಲೆಯನ್ನು ಗಾಜಿಗೆ ಅಂಟಿಸಬೇಕಾದರೆ ಬಿಸಿ ಬೇಡದ ತಣ್ಣಂಟು ಬಳಸಬೇಕು. ಒಂದೊಂದು ಸ್ಲೈಡು ಒಣಗಲು ಮೂರು ದಿನ. ಬಿಸಿತಟ್ಟೆಯ ಮೇಲಿಟ್ಟು ಬಿಸಿಯಂಟು ಹಾಕಿದರೆ ಅರ್ಧ ಗಂಟೆಯ ಕೆಲಸ. ಆದರೆ ಗುಳಿಯ ನೀರು ಉಬ್ಬಿ ಹರಳನ್ನು ಸೀಳಿಬಿಡುತ್ತದೆ.

ನಿನ್ನ ಕಲ್ಲುಗಳು ತಡವಾಗಿ ಬಂದುವು. ಹೊರಗಿನ ಪರೀಕ್ಷಕರು ಬರುವುದಕ್ಕೆ ನಾಲ್ಕು ದಿನ, ಬೇಕಾದುವು ಹನ್ನೊಂದು ಸ್ಲೈಡು. ಒಂದೊಂದು ಸ್ಲೈಡು ಕೂರುವ ತಣ್ಣಂಟಿನ ಅಚ್ಚುಗಳೋ ನಮ್ಮಲ್ಲಿದ್ದುವು ಎರಡೇ. ನೀನು ಕೇಳಲಿಲ್ಲ. ನೀನು ಬೇಡಲಿಲ್ಲ. ಬಾಗಿಲಲ್ಲಿ ನಿಂತು, ‘ಆಗಲ್ಲ ಅಲ್ವಾ ಅಪ್ಪ?’ ಎಂದೆ, ಅಷ್ಟೇ. ಇಡೀ ಕಟ್ಟಡದಲ್ಲಿ ಯಾರಿಗಾದರೂ ‘ಆಗಲ್ಲ’ ಎನ್ನುವ ಅಧಿಕಾರ ನನಗಿತ್ತು. ನಿನಗೆ ಅನ್ನಲಾರದೆ ಹೋದೆ.

ಮರುದಿನ ರಜೆ. ಮಧ್ಯಾಹ್ನ ಕಾರ್ಯಾಗಾರದ ಬೀಗ ತೆಗೆದು, ಬಿಸಿತಟ್ಟೆಯನ್ನು ಹಚ್ಚಿದೆ. ಕಲ್ಲಿನ ಬಿಲ್ಲೆಗಳನ್ನು ಸಾಲಾಗಿ ಇಟ್ಟು ದೇವರ ಹೆಸರನ್ನು ಹೇಳುತ್ತ ಕುಳಿತೆ. ಸ್ವಲ್ಪ ಹೊತ್ತಿಗೆ ಸದ್ದು ಬಂತು. ಬಹಳ ಸಣ್ಣದು, ಕೈಗಡಿಯಾರವನ್ನು ದಿಂಬಿನ ಕೆಳಗಿಟ್ಟಂತೆ, ಟಿಕ್, ಟಿಕ್. ಕೇಳಿಸಿತು, ಮಗಳೇ. ಅದೇನೆಂದು ಅರ್ಥವೂ ಆಯಿತು. ನಾನು ಮಾಡಿದ್ದೇನು ಗೊತ್ತೇ? ತಟ್ಟೆಯನ್ನು ಆರಿಸಲಿಲ್ಲ. ದೇವರ ಹೆಸರನ್ನು ಇನ್ನೂ ಗಟ್ಟಿಯಾಗಿ ಹೇಳತೊಡಗಿದೆ, ಆ ಸದ್ದು ಕೇಳಿಸದಿರಲೆಂದು. ಅಂದಿನಿಂದ ಇಂದಿನವರೆಗೆ ನನ್ನ ಪ್ರಾರ್ಥನೆಯಲ್ಲಿ ಆ ಟಿಕ್ ಟಿಕ್ ಇಲ್ಲದ ದಿನವಿಲ್ಲ.

ರಿಜಿಸ್ಟರಿನಲ್ಲಿ ‘ಹನ್ನೊಂದೂ ತಣ್ಣಂಟು’ ಎಂದು ಬರೆದು ಸಹಿ ಹಾಕಿದೆ.

ಇಷ್ಟೇ ಆಗಿದ್ದರೆ ಪಾಪ ನನ್ನೊಳಗೇ ಇರುತ್ತಿತ್ತು. ಮುಂದಿನ ವರ್ಷ ಯಾಕಪ್ಪ ನನ್ನಲ್ಲಿಗೆ ಬಂದ. ಅವನ ಮಾತನ್ನು ಹೊಟ್ಟೆಕಿಚ್ಚೆಂದು ನಿಮ್ಮ ಪ್ರೊಫೆಸರು ತಳ್ಳಿಹಾಕಿದ್ದರಂತೆ. ‘ಯಜಮಾನ್ರೇ, ಬಿಸಿ ಏನಾದ್ರೂ ತಾಗಿತ್ತಾ? ನೀವು ಇಲ್ಲ ಅಂದ್ರೆ ನಾನು ಸುಮ್ಮನಾಗ್ತೀನಿ’ ಎಂದ. ನಾನು ರಿಜಿಸ್ಟರನ್ನು ತೆರೆದು ಅವನ ಮುಂದೆ ತಿರುಗಿಸಿಟ್ಟೆ. ಅವನು ಆ ಸಾಲನ್ನು ಎರಡು ಸಲ ಓದಿ, ‘ತಪ್ಪಾಯ್ತು’ ಎಂದು ನನ್ನ ಕಾಲು ಮುಟ್ಟಿ ಹೋದ. ಆ ವಾರವೇ ಸಂಶೋಧನೆ ಬಿಟ್ಟನೆಂದು ಆಮೇಲೆ ತಿಳಿಯಿತು. ತಪ್ಪು ಮಾಡಿದವನ ಕಾಲನ್ನು ತಪ್ಪಿಲ್ಲದವನು ಮುಟ್ಟಿದ.

ನಿನ್ನ ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ‘ಕಾರ್ಯಾಗಾರದ ಸಿಬ್ಬಂದಿಗೆ’ ಎಂದಿತ್ತು. ಕೈಗೆ ಕೆಸರು ಮೆತ್ತಿಕೊಂಡ ಅಪ್ಪನನ್ನು ಅಪ್ಪನೆಂದು ಹೇಳಲು ನಿನಗೆ ನಾಚಿಕೆಯಾಯಿತೆಂದು ತಿಳಿದು ನೊಂದಿದ್ದೆ. ನನ್ನ ಕೆಲಸಕ್ಕೆ ಅಷ್ಟೇ ಸಲ್ಲುವುದೆಂದು ಈಗ ತೋರುತ್ತದೆ.

ಸತ್ಯವನ್ನು ತಿಳಿಸಿಬಿಡು. ಅದೊಂದೇ ದಾರಿ.

ನಿನ್ನ ಅಪ್ಪ

*

ಆಗಸ್ಟ್ ೨

ಚಿರಂಜೀವಿ ಮಗಳಿಗೆ,

ಮೂರು ವಾರ ಮೀರಿತು. ಅಮ್ಮನಿಗೆ ಫೋನು ಬರುತ್ತಿದೆಯೆಂದು ಬಲ್ಲೆ. ಅವಳು ಮಹಡಿಗೆ ಹೋಗಿ ಮಾತಾಡಿ ಬರುತ್ತಾಳೆ. ನಿನ್ನೆ ಕೆಳಗೆ ಬಂದವಳು, ‘ಅಂದು ಕಲ್ಲಿಗೆ ಬಿಸಿ ಮುಟ್ಟಿಸಿದ್ರಿ, ಇಂದು ಮಗಳಿಗೆ ಮುಟ್ಟಿಸ್ತಿದ್ದೀರಾ?’ ಎಂದಳು. ಅವಳಿಗೆ ನೀನು ಎಷ್ಟು ಹೇಳಿದ್ದೀಯೋ ತಿಳಿಯದು.

ನಿನ್ನ ಉತ್ತರ ಬರುವ ಮುನ್ನ ನಾನೊಂದು ಕೆಲಸ ಮಾಡಿದ್ದೇನೆ. ಆ ಕಲ್ಲಿನ ಕೊನೆಯ ತುಂಡೊಂದು ನನ್ನಲ್ಲಿ ಉಳಿದಿತ್ತು. ಗಾಳಿಗೆ ಹಾಳೆ ಮಗುಚದಿರಲೆಂದು ಪ್ರಾರ್ಥನೆಯ ಪುಸ್ತಕದ ಮೇಲೆ ಇಡುತ್ತಿದ್ದೆನಲ್ಲ, ಹಸಿರು ಕಲ್ಲು, ಅದೇ. ಅದರಿಂದ ಒಂದು ಬಿಲ್ಲೆಯನ್ನು ಕೈಗರಗಸದಲ್ಲಿ, ನೀರು ಹನಿಸುತ್ತ, ಒಂದಿಡೀ ದಿನ ಕೊಯ್ದೆ. ತಣ್ಣಂಟು ಹಾಕಿ, ಮೇಲೆ ಭಾರವಿಟ್ಟು, ಮೂರು ದಿನ ಮುಟ್ಟಲಿಲ್ಲ. ಅಂದು ಕೊಡಲಾರದೆ ಹೋದ ಮೂರು ದಿನವನ್ನು ಇಂದು ಕೊಟ್ಟೆ. ಒಡೆದ ಅಡುಗೆಕಟ್ಟೆಯ ಕಲ್ಲನ್ನು ಹಿತ್ತಲಲ್ಲಿ ಇಟ್ಟುಕೊಂಡಿದ್ದೆ. ಅದರ ಮೇಲೆ ಗಾಜು ಹಾಸಿ, ಕಾರ್ಬೊರಂಡಮ್ ಎಂಬ ಉಜ್ಜುಪುಡಿಯಲ್ಲಿ ತೇಯ್ದೆ. ಕೈ ನಡುಗುತ್ತದೆ, ಎಡಮೂಲೆ ಸವೆದುಹೋಯಿತು. ಆದರೂ ಬೆಳಕಿಗೆ ಹಿಡಿದರೆ ಹಿಂದಿನ ಅಕ್ಷರ ಕಾಣುವಷ್ಟು ತೆಳುವಾಗಿದೆ.

ಅದನ್ನು ನಾಳೆ ಯಾಕಪ್ಪನಿಗೆ ಕೊಡುತ್ತೇನೆ. ಬಣ್ಣ ಹಚ್ಚಿದ ಕಲ್ಲೋ ಸಹಜವೋ ಎಂದು ಪರೀಕ್ಷಿಸಲು ಅವನು ಅಂಗಡಿಯ ಒಳಕೋಣೆಯಲ್ಲಿ ಹಳೆಯ ಸೂಕ್ಷ್ಮದರ್ಶಕವೊಂದನ್ನು ಇಟ್ಟುಕೊಂಡಿದ್ದಾನೆ. ನಿನ್ನನ್ನು ಕೇಳಿಕೊಂಡು ಕೊಡಬೇಕಾಗಿತ್ತು. ಕೇಳಿದರೆ ನೀನು ‘ಬೇಡ’ ಎನ್ನುವೆ, ನಿನ್ನ ಮಾತಿಗೆ ನಾನು ಇನ್ನೊಮ್ಮೆ ಸೋಲುವೆ.

ನಿನ್ನ ಅಪ್ಪ

*

ಆಗಸ್ಟ್ ೩

ಅಪ್ಪ,

ಜುಲೈ ಎಂಟರ ನಿಮ್ಮ ಪತ್ರಕ್ಕೆ ಇದು ಉತ್ತರ. ನಾಲ್ಕು ಸಲ ಬರೆದು ಹರಿದೆ.

ನನಗೆ ಗೊತ್ತಿತ್ತು.

ಆ ರಜೆಯ ಮಧ್ಯಾಹ್ನ ಅಮ್ಮ ನಿಮ್ಮ ಊಟದ ಡಬ್ಬಿ ಕೊಟ್ಟು ಕಳಿಸಿದ್ದಳು. ನೀವು ಬಾಗಿಲಿಗೆ ಬೆನ್ನು ಮಾಡಿ ನಲ್ಲಿಯ ಕೆಳಗೆ ಕೈ ತೊಳೆಯುತ್ತಿದ್ದಿರಿ. ಸ್ಲೈಡುಗಳೆಲ್ಲ ಆಗಲೇ ಬಟ್ಟೆಯ ಮೇಲೆ ಸಾಲಾಗಿದ್ದವು. ನಾನು ಬಿಸಿತಟ್ಟೆಯ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು. ಸುಡಲಿಲ್ಲ, ಸುಟ್ಟಿದ್ದರೆ ಕೂಗಿಕೊಳ್ಳುತ್ತಿದ್ದೆ, ನೀವು ತಿರುಗಿ ನೋಡುತ್ತಿದ್ದಿರಿ, ಎಲ್ಲವೂ ಅಂದೇ ಮುಗಿಯುತ್ತಿತ್ತು. ಡಬ್ಬಿಯೊಡನೆ ಮತ್ತೆ ಹೊರಗೆ ಹೋಗಿ, ಆಗತಾನೇ ಬಂದವಳಂತೆ ಬಾಗಿಲು ತಟ್ಟಿದೆ. ನೀವು, ‘ಆಯ್ತು ನೋಡಮ್ಮ ನಿನ್ನ ಕೆಲಸ’ ಎಂದಿರಿ. ನಿಮ್ಮ ಮುಖದಲ್ಲಿ ಇದ್ದಂಥ ಸಂತೋಷವನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ನೀವು ಹೇಳುತ್ತೀರೆಂದು ನಾನು ಕಾದೆ. ನಾನು ಕೇಳುತ್ತೇನೆಂದು ನೀವು ಕಾದಿರಿ. ಮೊದಲ ತಿಂಗಳು, ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಆಮೇಲೆ ಪ್ರಬಂಧ ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟವಾಯಿತು, ಆಮೇಲೆ ಕೆಲಸ ಸಿಕ್ಕಿತು. ಖಾಲಿ ಬಿರುಕಿಗೆ ‘ಒಂದೇ ಏಟು’ ಎಂಬ ವಿವರಣೆಯನ್ನು ಕಟ್ಟಿದಾಗ ನನಗೆ ಅರ್ಧ ನಂಬಿಕೆ ಇತ್ತು. ಹೇಳುತ್ತ ಹೇಳುತ್ತ ಪೂರ್ತಿ ಬಂತು. ಯಾಕಪ್ಪ ವಿಚಾರಗೋಷ್ಠಿಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳಿದ ದಿನ ಅವನನ್ನು ನೋಡಿ ಎಲ್ಲರೂ ನಕ್ಕರಲ್ಲ, ಮೊದಲು ನಕ್ಕವಳು ನಾನು.

ಮನೆಗೆ ಬರುವುದನ್ನು ಕಡಿಮೆ ಮಾಡಿದ್ದು ಇದಕ್ಕೇ. ನೀವು ಬೇರೆ ಅರ್ಥ ಮಾಡಿಕೊಂಡಿರಿ. ಕೃತಜ್ಞತೆಯ ಪುಟದಲ್ಲಿ ನಿಮ್ಮನ್ನು ಸೇರಿಸದಿದ್ದುದು ನಾಚಿಕೆಯಿಂದಲ್ಲ, ಅಪ್ಪ. ನನಗೆ ಗೊತ್ತಿದ್ದ ಸಂಗತಿಯ ಪಕ್ಕದಲ್ಲಿ ನಿಮ್ಮ ಹೆಸರನ್ನು ಇಡಲು ಕೈ ಬರಲಿಲ್ಲ.

ಈಗ ನೀವು ದೇವರ ಮುಂದೆ ಹಗುರಾಗಲು ಹೊರಟಿದ್ದೀರಿ. ಹನ್ನೆರಡು ವರ್ಷ ಹೊತ್ತಿರಿ, ನಿಜ. ಆದರೆ ಇಳಿಸುವುದು ಎಲ್ಲಿ? ನನ್ನ ಹೆಗಲ ಮೇಲೆ. ನೀರು ಬಿಟ್ಟ ಕಲ್ಲು ಹಗುರಾಗುತ್ತದೆಂದು ಮೊದಲ ವರ್ಷದ ವಿದ್ಯಾರ್ಥಿಗಳೆಲ್ಲ ಬರೆಯುತ್ತಾರೆ. ನಾನು ಕೆಂಪು ಗೆರೆ ಎಳೆಯುತ್ತೇನೆ. ನೀರು ಬಿಟ್ಟ ಕಲ್ಲು ಕುಗ್ಗಿ, ಒತ್ತೊತ್ತಾಗಿ, ಅದೇ ಗಾತ್ರಕ್ಕೆ ಮೊದಲಿಗಿಂತ ಭಾರವಾಗುತ್ತದೆ. ಮತ್ತಷ್ಟು ಆಳಕ್ಕೆ ಇಳಿಯುತ್ತದೆ. ತಿರುಗಿ ಮೇಲೆ ಬರುವುದು ಎಲ್ಲೋ ಒಂದು ಚೂರು.

ಡಿಸೆಂಬರ್ ಕಳೆಯಲಿ. ಅಷ್ಟು ಮಾತ್ರ ಕೇಳುತ್ತಿದ್ದೇನೆ. ಅಂದು ಬಾಗಿಲಲ್ಲಿ ನಿಂತು ಕೇಳಲಿಲ್ಲವೆಂದು ಬರೆದಿದ್ದೀರಲ್ಲ, ಇಂದು ಕೇಳುತ್ತಿದ್ದೇನೆ.

ನಿಮ್ಮ ಮಗಳು

*

ಆಗಸ್ಟ್ ೧೪

ಮಗಳೇ,

ನಮ್ಮ ಪತ್ರಗಳು ದಾರಿಯಲ್ಲಿ ಒಂದನ್ನೊಂದು ದಾಟಿಹೋದುವು. ನಿನ್ನದು ಕೈಗೆ ಬರುವಾಗ ಸ್ಲೈಡು ಅವನ ಕೈ ಸೇರಿ ಮೂರು ದಿನವಾಗಿತ್ತು.

ಬೆಚ್ಚಗಿನ ತಟ್ಟೆಯ ಮಾತನ್ನು ಓದಿ ಕಾಗದವನ್ನು ಮಡಿಸಿಟ್ಟೆ. ಅಂದು ನಾನು ತಿರುಗಿ ನೋಡಿದ್ದರೆ! ಬೆನ್ನು ಮಾಡಿಕೊಂಡದ್ದು ನಲ್ಲಿಗಾಗಿ ಅಲ್ಲ. ಬಾಗಿಲಲ್ಲಿ ನಿನ್ನ ಹೆಜ್ಜೆ ಕೇಳಿಸಿತ್ತು. ಮೊದಲನೆಯ ಸಲವೂ ಕೇಳಿಸಿತ್ತು.

ಇನ್ನು ನಡೆದುದನ್ನು ಹೇಳುತ್ತೇನೆ. ಯಾಕಪ್ಪ ಒಳಕೋಣೆಯ ದೀಪದ ಧೂಳೊರೆಸಿ, ಸ್ಲೈಡನ್ನು ಇಟ್ಟು, ಬಹಳ ಹೊತ್ತು ನೋಡಿದ. ಹೊರಗೆ ಗಿರಾಕಿ ಕೂಗುತ್ತಿದ್ದರೂ ಏಳಲಿಲ್ಲ. ಹರಳುಗಳ ಸುತ್ತ ಒಂದೇ ಒಂದು ಖಾಲಿ ಬಿರುಕಿಲ್ಲ. ಗುಳಿಗಳೆಲ್ಲ ತುಂಬಿವೆ, ಆಳದ ನೀರು ಹಾಗೆಯೇ ಇದೆ. ನಡುವೆ ಒಂದು ಬಿರುಕು ಹಾದುಹೋಗಿದೆ, ಒಂದೇ. ಅದು ಹಸಿರು ಹರಳುಗಳಿಂದ ತುಂಬಿ, ಅಂಚಿಗೆ ಅಂಚು ಬೆಸೆದು, ನಾಳವಾಗಿದೆ. ಆ ಕಲ್ಲು ನಿಜವಾಗಿಯೂ ಆಳದಲ್ಲಿ ಒಡೆದಿತ್ತು. ನೀರು ಬಸಿದು, ಬಸಿದು ಹೋಗಿತ್ತು. ಹೋಗುವಾಗ ಒಡೆದುದನ್ನು ಕೂಡಿಸಿಯೂ ಹೋಗಿತ್ತು. ಅವನು ಅಂದು ಹೇಳಿದ್ದೂ ಅದನ್ನೇ.

ನಾನು ಎಲ್ಲವನ್ನೂ ಹೇಳಿದೆ: ಬಿಸಿತಟ್ಟೆ, ರಿಜಿಸ್ಟರು, ಎಲ್ಲ. ನೀನು ತಟ್ಟೆ ಮುಟ್ಟಿ ನೋಡಿದ್ದು ಆಗ ನನಗೇ ತಿಳಿದಿರಲಿಲ್ಲ. ತಿಳಿದಿದ್ದರೆ ಹೇಳುತ್ತಿದ್ದೆನೋ ಇಲ್ಲವೋ ದೇವರೇ ಬಲ್ಲ. ಬೈಯಲಿ ಎಂದು ತಲೆತಗ್ಗಿಸಿ ಕುಳಿತೆ. ಅವನು ಬೈಯಲಿಲ್ಲ. ಸ್ಲೈಡನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಅಂಗೈಯಲ್ಲಿ ಮರಳಿ ಇಟ್ಟ.

‘ಆವತ್ತೇ ಕೊಟ್ಟಿದ್ರೆ ಇದು ಒಂದು ಬದುಕು, ಯಜಮಾನ್ರೇ. ಈಗ ಬರೀ ಗಾಜು.’

ನಾನು ಅವನ ಕಾಲಿಗೆ ಬಾಗಲು ಹೋದೆ. ಅವನು ಹಿಂದೆ ಸರಿದು, ‘ಬೇಡಿ, ಕೆಸರಿದೆ’ ಎಂದ. ಹೊರಗೆ ಬಂದು ಗರಗಸವನ್ನು ಶುರುಮಾಡಿದ. ಆ ಸದ್ದಿನಲ್ಲಿ ಮಾತಾಡುವಂತಿರಲಿಲ್ಲ.

ಅವನು ಯಾರಿಗೂ ಹೇಳುವುದಿಲ್ಲ, ನಿನ್ನ ಪತ್ರ ಬಂದ ಮೇಲೆ ಹೋಗಿ ಕೇಳಿಯೂ ನೋಡಿದೆ. ‘ಹೇಳಬೇಕಾದವರು ಹೇಳಲಿ’ ಎಂದ. ಆದ್ದರಿಂದ ನಿನಗೆ ಡಿಸೆಂಬರ್ ಸಿಕ್ಕಿದೆ, ಮಗಳೇ. ಸ್ಲೈಡನ್ನು ಹತ್ತಿಯಲ್ಲಿಟ್ಟು ಈ ಪತ್ರದೊಡನೆಯೇ ಕಳಿಸುತ್ತಿದ್ದೇನೆ. ಅದನ್ನು ಏನು ಮಾಡಬೇಕೆಂದು ನಾನಿನ್ನು ಹೇಳುವುದಿಲ್ಲ. ಹೇಳುವ ಹಕ್ಕನ್ನು ಆ ತಟ್ಟೆಯ ಮೇಲೆಯೇ ಸುಟ್ಟುಕೊಂಡೆ.

ನಿನ್ನ ಅಪ್ಪ

*

ನವೆಂಬರ್ ೩

ಅಪ್ಪ,

ಸ್ಲೈಡು ಒಡೆಯದೆ ತಲುಪಿತ್ತು. ಎರಡು ತಿಂಗಳು ಮೇಜಿನ ಖಾನೆಯಲ್ಲಿಯೇ ಇತ್ತು. ನೋಡದಿದ್ದರೆ ಗೊತ್ತಿಲ್ಲದಂತೆ ಇರಬಹುದೆಂದುಕೊಂಡೆ. ಆ ವಿದ್ಯೆಯಲ್ಲಿ ನಾನು ಪಳಗಿದವಳು. ಕಳೆದ ವಾರ ನನ್ನ ವಿದ್ಯಾರ್ಥಿನಿಯೊಬ್ಬಳು ಬಂದು, ‘ಮೇಡಂ, ನನ್ನ ಕಲ್ಲುಗಳಲ್ಲಿ ಖಾಲಿ ಬಿರುಕು ಸಿಗ್ತಾನೇ ಇಲ್ಲ. ನಾನೇ ಸರಿಯಾಗಿ ನೋಡ್ತಿಲ್ಲ ಅನ್ಸುತ್ತೆ’ ಎಂದು ಅತ್ತಳು. ಮೂರು ವರ್ಷದಿಂದ ನೋಡುತ್ತಿದ್ದಾಳೆ. ಕಣ್ಣಿನ ವೈದ್ಯರ ಹತ್ತಿರವೂ ಹೋಗಿಬಂದಳಂತೆ.

ಅವಳು ಹೋದ ಮೇಲೆ ಖಾನೆ ತೆರೆದೆ. ನಿಮ್ಮ ಕೈ ನಡುಗಿದ್ದು ಎಡಮೂಲೆಯಲ್ಲಿ ಕಾಣುತ್ತದೆ. ಉಳಿದದ್ದೆಲ್ಲ, ನಾನು ನೋಡಿದ ಸ್ಲೈಡುಗಳಲ್ಲಿಯೇ ಅತ್ಯಂತ ಶುದ್ಧ.

ನೀರು ಬಿಟ್ಟ ಕಲ್ಲಿನ ಕಥೆಯನ್ನು ಹಿಂದೆ ಅರ್ಧ ಮಾತ್ರ ಬರೆದಿದ್ದೆ. ಕಲ್ಲು ಕೆಳಗೆ ಇಳಿಯುತ್ತದೆ. ಬಿಟ್ಟ ನೀರು ಮೇಲಕ್ಕೆ ಹೋಗಿ, ತನಗೇನೂ ಸಂಬಂಧವಿಲ್ಲದ ಕಲ್ಲನ್ನು ಕರಗಿಸುತ್ತದೆ. ಬೆಂಕಿಬೆಟ್ಟಗಳು ಹುಟ್ಟುವುದು ಹಾಗೆ. ನಮ್ಮಿಬ್ಬರ ನಡುವಿನ ಸಂಗತಿಗೆ ಆ ಹುಡುಗಿ ಮೂರು ವರ್ಷ ಬೆಂದಳು.

ಪತ್ರಿಕೆಗೆ ತಿದ್ದುಪಡಿಯನ್ನು ಕಳಿಸುತ್ತಿದ್ದೇನೆ. ‘ಸ್ಲೈಡುಗಳ ತಯಾರಿಕೆಯ ಹಂತದಲ್ಲಿ ಬಿಸಿ ತಾಗಿದ ಕಾರಣ ಏಳನೆಯ ಚಿತ್ರದ ಬಿರುಕುಗಳು ಸಹಜವಲ್ಲ, ಆ ತೀರ್ಮಾನವನ್ನು ಹಿಂತೆಗೆದುಕೊಳ್ಳಲಾಗಿದೆ’ ಎಂದು ಬರೆದಿದ್ದೇನೆ. ಯಾರ ಹೆಸರೂ ಇಲ್ಲ. ಅಂದಿನಂತೆಯೇ ನಿಮ್ಮನ್ನು ಹೊರಗೆ ಇಟ್ಟಿದ್ದೇನೆ. ಡಿಸೆಂಬರಿನ ಆಯ್ಕೆಯಿಂದ ಹೆಸರು ವಾಪಸು ತೆಗೆದುಕೊಂಡೆ. ಅಮ್ಮನಿಗೆ ನಾನೇ ಹೇಳಿದ್ದೇನೆ. ನೀವು ಮತ್ತೆ ಹೇಳಿ ಅಳಿಸಬೇಡಿ.

ನಿಮ್ಮ ಮಗಳು

*

ನವೆಂಬರ್ ೧೧

ಮಗಳೇ,

ನಿನ್ನ ಅಮ್ಮ ಅಳಲಿಲ್ಲ. ‘ಇಬ್ಬರೂ ಒಂದೇ ಕಲ್ಲಿನ ಚೂರುಗಳು, ನನ್ನನ್ನು ಮಧ್ಯೆ ಇಟ್ಕೊಂಡು ತೇಯ್ದ್ರಿ’ ಎಂದಳು. ಎರಡು ದಿನದಿಂದ ನನ್ನ ಊಟದ ತಟ್ಟೆಯನ್ನು ಹೊಸ ಕಟ್ಟೆಯ ಮೇಲೆ ಇಟ್ಟು ಹೋಗುತ್ತಾಳೆ.

ನಿನ್ನ ಬರಹದಲ್ಲಿ ‘ಬಿಸಿ ತಾಗಿದ ಕಾರಣ’ ಎಂದಿದೆ. ಬಿಸಿ ತಾನಾಗಿ ತಾಗುವುದಿಲ್ಲ. ‘ತಾಗಿದ’ ಎಂದರೆ ಕಿಟಕಿಯಿಂದ ಬಿಸಿಲು ಬಿದ್ದಂತಾಯಿತು. ಮೂವತ್ತನಾಲ್ಕು ವರ್ಷಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ಲೈಡುಗಳನ್ನು ಮಾಡಿದೆ. ಅವುಗಳಿಂದ ಪದವಿಗಳಾದುವು, ಪುಸ್ತಕಗಳಾದುವು. ಒಂದರ ಕೆಳಗೂ ನನ್ನ ಹೆಸರಿಲ್ಲ. ಬೇಕೆಂದು ಬಾಯಿಬಿಟ್ಟು ಯಾರನ್ನೂ ಕೇಳಿದವನಲ್ಲ. ಈಗ ಕೇಳುತ್ತಿದ್ದೇನೆ. ತಿದ್ದುಪಡಿಯಲ್ಲಿ ನನ್ನ ಹೆಸರನ್ನು ಹಾ‌ಕು. ಬಿಸಿ ಮಾಡಿದವನು ಇವನು, ಸುಳ್ಳು ಬರೆದವನು ಇವನು ಎಂದು ಹಾಕು. ಒಳ್ಳೆಯ ಕೆಲಸಕ್ಕೆ ಸಿಗದ ಹೆಸರು ಕೆಟ್ಟ ಕೆಲಸಕ್ಕಾದರೂ ಸಿಗಲಿ. ಅದು ನನ್ನದೇ ಕೆಲಸ.

ಹಗುರಾಗಲೆಂದು ಕೇಳುತ್ತಿಲ್ಲ. ನೀನು ಹೇಳಿದ್ದು ಸರಿ, ಹಗುರಾಗಿಲ್ಲ. ಈಚೆಗೆ ಪ್ರಾರ್ಥನೆಗೆ ಕುಳಿತರೆ ಟಿಕ್ ಟಿಕ್ ಕೇಳಿಸುವುದಿಲ್ಲ, ನಿಜ. ಅದರ ಜಾಗದಲ್ಲಿ ಯಾವುದೂ ಕೇಳಿಸುವುದಿಲ್ಲ.

ನಿನ್ನ ಅಪ್ಪ

*

ಫೆಬ್ರವರಿ ೨೬

ಅಪ್ಪ,

ತಿದ್ದುಪಡಿ ಅಚ್ಚಾಗಿದೆ, ಹಾಳೆಯನ್ನು ಇದರೊಡನೆ ಇಟ್ಟಿದ್ದೇನೆ. ವಿಭಾಗಕ್ಕೆ ಬೇರೆಯವರು ಬಂದರು. ನನ್ನನ್ನು ಸಂಗ್ರಹದ ಕೋಣೆಗೆ ಹಾಕಿದ್ದಾರೆ. ಕಲ್ಲುಗಳಿಗೆ ಚೀಟಿ ಅಂಟಿಸಿ ಪಟ್ಟಿ ಮಾಡುವುದು. ಅತ್ತಿದ್ದ ಹುಡುಗಿ ವಿಷಯ ಬದಲಿಸಿ ಮತ್ತೆ ಮೊದಲಿನಿಂದ ಶುರುಮಾಡಿದ್ದಾಳೆ. ಇನ್ನೊಬ್ಬ ಬಿಟ್ಟುಹೋದ, ಹೋಗುವಾಗ ನನಗೆ ಹೇಳಿ ಹೋಗಲಿಲ್ಲ. ಯಾಕಪ್ಪನಿಗೂ ಒಂದು ಪ್ರತಿ ಕಳಿಸಿದೆ. ಉತ್ತರ ಬಂದಿಲ್ಲ, ಬರಬೇಕಾಗಿಯೂ ಇಲ್ಲ.

ನೀವು ಕೇಳಿದಂತೆ ನಿಮ್ಮ ಹೆಸರನ್ನು ಬರೆದು, ಅದರ ಮುಂದೆ ಸಂಬಂಧವನ್ನೂ ಬರೆದಿದ್ದೆ. ಸಂಪಾದಕರು ಎರಡರಲ್ಲಿ ಒಂದು ಸಾಕು, ಹೆಸರಷ್ಟೇ ಇರಲಿ ಎಂದರು. ನಾನು ಹೆಸರನ್ನು ತೆಗೆದು ಸಂಬಂಧವನ್ನು ಉಳಿಸಿದೆ. ಹೆಸರಷ್ಟೇ ಇದ್ದರೆ ಕಾರ್ಯಾಗಾರದ ಯಾರೋ ಒಬ್ಬರ ತಪ್ಪಾಗಿ ಮುಗಿಯುತ್ತಿತ್ತು. ನನ್ನ ಪಾಲನ್ನು ನೀವು ಆಗಲೂ ಹೊತ್ತುಕೊಂಡುಬಿಡುತ್ತಿದ್ದಿರಿ. ನಿಮಗೆ ಕೋಪ ಬರಬಹುದು. ಬರಲಿ.

ಸದ್ಯಕ್ಕೆ ಮನೆಗೆ ಬರಲಾರೆ. ಬಂದು ಎದುರು ಕುಳಿತು ಏನು ಮಾತಾಡಬೇಕೆಂದು ಗೊತ್ತಾಗುವವರೆಗೆ ಫೋನು ಅಮ್ಮನಿಗೇ ಮಾಡುತ್ತೇನೆ. ನಿಮ್ಮ ಸ್ಲೈಡನ್ನು ಸಂಗ್ರಹಕ್ಕೆ ಸೇರಿಸಿಲ್ಲ, ನನ್ನಲ್ಲಿದೆ.

ಕನ್ನಡಕ ಸಿಗದಿದ್ದರೆ ಹಾಳೆಯ ಕೊನೆಯ ಎರಡು ಸಾಲನ್ನು ಅಮ್ಮನಿಂದ ಓದಿಸಿಕೊಳ್ಳಿ. ಅಚ್ಚಿನಲ್ಲಿ ಇಂಥ ಮಾತನ್ನು ನಾನು ಬರೆದದ್ದು ಇದೊಂದೇ ಸಲ:

‘ಈ ಹನ್ನೊಂದು ಸ್ಲೈಡುಗಳನ್ನು ಬಿಸಿ ಮಾಡಿ ತಯಾರಿಸಿದವರು ನನ್ನ ತಂದೆ. ತಟ್ಟೆ ಬೆಚ್ಚಗಿದ್ದುದು ಅಂದೇ ನನಗೆ ತಿಳಿದಿತ್ತು.’

ನಿಮ್ಮ ಮಗಳು